ಪುಟ್ಟ ಫಿಯಟ್ 500 ಮತ್ತೆ ರಸ್ತೆಗಿಳಿದ ಬಗೆ

ಹಳೆಯ ಕಾರೊಂದನ್ನು ಪೂರ್ತಿ ಬಿಚ್ಚಿ, ಸರಿಪಡಿಸಿ, ಮತ್ತೆ ಜೋಡಿಸಿ ಓಡಿಸಬೇಕೆಂಬ ಆಸೆ ಗಟ್ಟಿಯಾದಾಗ, ಅದು ಯಾವ ಕಾಲದ ಕಾರಾಗಿರಬೇಕು ಎಂಬ ಬಗ್ಗೆ ನನ್ನಲ್ಲಿ ಅನುಮಾನವಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರದ ಒಂದೂವರೆ ಎರಡು ದಶಕಗಳಲ್ಲಿ, ಉಕ್ಕಿಗೂ ಪೆಟ್ರೋಲಿಗೂ ಹಣಕ್ಕೂ ಕೊರತೆಯಿದ್ದ ದಿನಗಳಲ್ಲಿ, ಸ್ಕೂಟರಿನಿಂದ ಕಾರಿಗೆ ಏರಲು ಬಯಸಿದ ಕುಟುಂಬಗಳಿಗಾಗಿ ಯುರೋಪಿನ ಎಂಜಿನಿಯರುಗಳು ರೂಪಿಸಿದ ವಿಚಿತ್ರವೂ ಮುದ್ದೂ ಆದ ಪುಟ್ಟ ಕಾರುಗಳ ಮೇಲೆ ನನಗೆ ಬಹುಕಾಲದಿಂದ ಪ್ರೀತಿ. ಅವು ಹೊಸದಾಗಿ ರಸ್ತೆಗಿಳಿದ ಕಾಲವನ್ನು ನಾನು ಕಂಡಿಲ್ಲ. ಕಾಣದ ಕಾಲಕ್ಕಾಗಿ ಹಂಬಲಿಸುವುದು ಹೇಗೆ ಸಾಧ್ಯ ಎಂದು ಕೇಳಿದವರಿಗೆ ಕೊಡಲು ನನ್ನಲ್ಲಿ ತೃಪ್ತಿಕರವಾದ ಉತ್ತರ ಇರಲಿಲ್ಲ. ಅದು ಕೆಲಸದ ನಡುವೆ ಸ್ವಲ್ಪ ಸ್ವಲ್ಪವಾಗಿ ಹೊಳೆಯಿತು.

ಯಾವ ಕಾರು ಎಂಬ ಆಯ್ಕೆ ಮಾತ್ರ ಸುಲಭವಾಗಿರಲಿಲ್ಲ. ಮೊದಲು ಮನಸ್ಸು ಹೋದದ್ದು ಇಸೆಟ್ಟಾದ ಕಡೆಗೆ. ಇಟಲಿಯ ಈಸೊ ಕಂಪನಿ 1953ರಲ್ಲಿ ಹೊರತಂದ ಈ ಮೊಟ್ಟೆಯಾಕಾರದ ಕಾರನ್ನು 1955ರಿಂದ ಬಿಎಂಡಬ್ಲ್ಯು ತನ್ನ ಮೋಟಾರ್‌ಸೈಕಲ್ ಎಂಜಿನನ್ನು ಅಳವಡಿಸಿ ತಯಾರಿಸಿತು. ಅದರ ಇಡೀ ಮುಖವೇ ಬಾಗಿಲು, ಆ ಬಾಗಿಲನ್ನು ತೆರೆದರೆ ಸ್ಟಿಯರಿಂಗ್ ಚಕ್ರವೂ ಅದರೊಂದಿಗೆ ಪಕ್ಕಕ್ಕೆ ಸರಿಯುತ್ತದೆ. 1955ರ ಮೆಸರ್‌ಷ್ಮಿಟ್ ಕೆಆರ್200 ಇನ್ನೂ ವಿಶಿಷ್ಟ. ಮೂರು ಚಕ್ರದ ಈ ವಾಹನದಲ್ಲಿ ಚಾಲಕರ ಬೆನ್ನ ಹಿಂದೆ ಇನ್ನೊಬ್ಬರು ಕೂರಬೇಕು, ಹಿಂದಕ್ಕೆ ಚಲಿಸಬೇಕಾದರೆ ಟೂ ಸ್ಟ್ರೋಕ್ ಎಂಜಿನನ್ನು ನಿಲ್ಲಿಸಿ ವಿರುದ್ಧ ದಿಕ್ಕಿನಲ್ಲಿ ಚಾಲೂ ಮಾಡಬೇಕು, ಹಾಗಾಗಿ ಮುಂದಕ್ಕಿರುವ ನಾಲ್ಕೂ ಗೇರುಗಳು ಹಿಂದಕ್ಕೂ ಇರುತ್ತವೆ. ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 1962ರಿಂದ ತಯಾರಾದ ಪೀಲ್ ಪಿ50ಗೆ ರಿವರ್ಸ್ ಗೇರೇ ಇರಲಿಲ್ಲ; ಸುಮಾರು 1.37 ಮೀಟರ್ ಉದ್ದದ, 59 ಕಿಲೋ ತೂಕದ ಆ ಕಾರನ್ನು ಹಿಂಬದಿಯ ಹಿಡಿಕೆ ಹಿಡಿದು ಎಳೆದೇ ತಿರುಗಿಸಬಹುದಿತ್ತು. ಉಕ್ಕಿನ ತಗಡು ಸಿಗದ ಪೂರ್ವ ಜರ್ಮನಿಯಲ್ಲಿ ಹತ್ತಿಯ ತ್ಯಾಜ್ಯ ಮತ್ತು ರಾಳವನ್ನು ಒತ್ತಿ ಮೈ ಕಟ್ಟಿದ ಟ್ರಬಾಂಟ್, ಗೇರುಗಳ ಬದಲು ರಬ್ಬರ್ ಬೆಲ್ಟುಗಳ ಮೂಲಕ ತಾನಾಗಿಯೇ ವೇಗ ಹೊಂದಿಸಿಕೊಳ್ಳುತ್ತಿದ್ದ ಹಾಲೆಂಡಿನ ಡಾಫ್ 600, ಉತ್ತ ಹೊಲವನ್ನು ದಾಟಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದೆಂಬ ಷರತ್ತಿನ ಮೇಲೆ ರೂಪುಗೊಂಡ ಫ್ರಾನ್ಸಿನ ಸಿಟ್ರೊಯೆನ್ 2ಸಿವಿ, ಇವೆಲ್ಲವೂ ನನ್ನ ಪಟ್ಟಿಯಲ್ಲಿದ್ದವು.

ಕೊನೆಗೆ ನಾನು ಆಯ್ದುಕೊಂಡದ್ದು 1957ರ ಜುಲೈ ತಿಂಗಳಲ್ಲಿ ಟ್ಯೂರಿನ್ ನಗರದಲ್ಲಿ ಬಿಡುಗಡೆಯಾದ ಫಿಯಟ್ 500ರ ವಂಶದ ಒಂದು ಕಾರನ್ನು. ಕಾರಣ ಎರಡು. ಮೊದಲನೆಯದು ತೀರ ವ್ಯಾವಹಾರಿಕವಾದದ್ದು: 1975ರವರೆಗೆ ಲಕ್ಷಗಟ್ಟಲೆ ತಯಾರಾದ ಕಾರು ಇದಾದ್ದರಿಂದ ಇದರ ಬಿಡಿಭಾಗಗಳನ್ನು, ಬಾಗಿಲಿನ ರಬ್ಬರಿನಿಂದ ಹಿಡಿದು ನೆಲದ ತಗಡಿನವರೆಗೆ, ಈಗಲೂ ಹೊಸದಾಗಿ ತಯಾರಿಸುತ್ತಾರೆ, ಕೆಆರ್200ರಂಥ ಅಪರೂಪದ ವಾಹನಕ್ಕೆ ಒಂದು ಬಿಡಿಭಾಗ ಹುಡುಕುವುದರಲ್ಲೇ ವರ್ಷಗಳು ಕಳೆಯಬಹುದು. ಎರಡನೆಯದು ದಾಂತೆ ಜಿಯಾಕೋಸಾ ಎಂಬ ಎಂಜಿನಿಯರರ ಮೇಲಿನ ಗೌರವ. 1936ರ ತೊಪೊಲಿನೊ, 1955ರ ಫಿಯಟ್ 600 ಇವೂ ಅವರ ಕೈಯಿಂದಲೇ ಬಂದವು. ಈ ಕಾರಿನಲ್ಲಿ ಅವರು 2.97 ಮೀಟರ್ ಉದ್ದದೊಳಗೆ ಒಂದು ನಿಜವಾದ ಕಾರನ್ನು ಅಡಗಿಸಿದರು. ಇದು ಮೂರು ಚಕ್ರದ ತಾತ್ಕಾಲಿಕ ಏರ್ಪಾಡಾಗಿರಲಿಲ್ಲ. ನಾಲ್ಕು ಚಕ್ರ, ನಾಲ್ಕು ಗೇರು, ಎರಡು ಬಾಗಿಲು, ಹಿಂದೆ ಗಾಳಿಯಿಂದ ತಣಿಯುವ ಎರಡು ಸಿಲಿಂಡರಿನ ಎಂಜಿನ್ ಎಲ್ಲವೂ ಇತ್ತು. ಮೊದಲ ಮಾದರಿಯ ಎಂಜಿನ್ 479 ಸಿಸಿಯದು, ಅದರ ಸಾಮರ್ಥ್ಯ ಕೇವಲ 13 ಅಶ್ವಶಕ್ತಿ. ಹಿಂದಿನ ಸೀಟೂ ಇಲ್ಲದ ಅಷ್ಟು ಬಡ ಕಾರನ್ನು ಜನ ಒಪ್ಪದಿದ್ದಾಗ ಕಂಪನಿ ಕೆಲವೇ ತಿಂಗಳಲ್ಲಿ ಅದನ್ನು ಸುಧಾರಿಸಬೇಕಾಯಿತು. ಆದರೆ 1959ರಲ್ಲಿ ಇಟಲಿಯ ಪ್ರತಿಷ್ಠಿತ ವಿನ್ಯಾಸ ಪ್ರಶಸ್ತಿಯಾದ ಕಂಪಾಸ್ಸೊ ದೋರೊ ಸಂದದ್ದು ಇದೇ ಪುಟ್ಟ ಕಾರಿಗೆ.

ನನಗೆ ಸಿಕ್ಕಿದ್ದು ಎಫ್ ಮಾದರಿ. 1965ರಲ್ಲಿ ಬಂದ ಈ ಮಾದರಿಯಲ್ಲಿ ಅದುವರೆಗೆ ಹಿಂಬದಿಯ ಕೀಲಿನ ಮೇಲೆ ತಿರುಗುತ್ತಿದ್ದ ಬಾಗಿಲುಗಳ ಕೀಲುಗಳನ್ನು ಮುಂಬದಿಗೆ ತಂದರು, ಎಂಜಿನ್ ಅಷ್ಟರಲ್ಲಿ 499.5 ಸಿಸಿಗೆ ಬೆಳೆದು 18 ಅಶ್ವಶಕ್ತಿ ಕೊಡುತ್ತಿತ್ತು. ಬಹುಕಾಲ ಚಾಲೂ ಆಗದೆ ಒಂದು ಕೊಟ್ಟಿಗೆಯಲ್ಲಿ ನಿಂತಿದ್ದ ಕಾರದು. ಕೊಳ್ಳುವ ಮೊದಲು ಬಣ್ಣವನ್ನಾಗಲಿ ಸೀಟನ್ನಾಗಲಿ ನೋಡಬಾರದು, ಕೆಳಗೆ ಮಲಗಿ ತಗಡನ್ನು ತಟ್ಟಿ ನೋಡಬೇಕು ಎಂದು ಹಿರಿಯ ಮೆಕ್ಯಾನಿಕ್ ಒಬ್ಬರು ಹೇಳಿದ್ದರು. ಈ ಜಾತಿಯ ಕಾರನ್ನು ಕೊಳ್ಳುವ ಯಾರಿಗೂ ನಾನು ಅದನ್ನೇ ಹೇಳುತ್ತೇನೆ. ಇದಕ್ಕೆ ಬೇರೆ ಚಾಸಿ (ಭಾರ ಹೊರುವ ಅಡಿಚೌಕಟ್ಟು) ಇಲ್ಲ, ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಪಟ್ಟಿಗಳು, ನೆಲದ ತಗಡು, ನಡುವಿನ ಸುರಂಗದಂಥ ಉಬ್ಬು, ಇವು ಗಟ್ಟಿಯಾಗಿದ್ದರೆ ಕಾರು ಇದೆ, ಇಲ್ಲದಿದ್ದರೆ ಇಲ್ಲ. ಎಂಜಿನ್ ಕೆಟ್ಟಿದ್ದರೆ ಅದು ದೊಡ್ಡ ಸಂಗತಿಯೇ ಅಲ್ಲ.

ಕೆಲಸವೂ ಅಲ್ಲಿಂದಲೇ ಶುರುವಾಯಿತು. ಸೀಟು, ಗಾಜು, ರಬ್ಬರು, ವೈರಿಂಗ್ ಎಲ್ಲವನ್ನೂ ಕಳಚಿ, ಪ್ರತಿಯೊಂದಕ್ಕೂ ಚೀಟಿ ಕಟ್ಟಿ, ಬಿಚ್ಚುವ ಮೊದಲು ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟುಕೊಂಡೆ. ನೆಲದ ರಬ್ಬರ್ ಚಾಪೆಯನ್ನು ಎತ್ತಿದಾಗ ಕೆಳಗಿನ ತಗಡು ಹಲವೆಡೆ ಜರಡಿಯಂತಾಗಿತ್ತು. ಚಾಪೆಯ ಅಡಿ ಸೇರಿದ ನೀರಿಗೆ ಹೊರಹೋಗಲು ದಾರಿಯಿಲ್ಲದೆ ತುಕ್ಕು ಒಳಗಿನಿಂದಲೇ ತಿಂದಿತ್ತು. ಇನ್ನೊಂದು ಕೆಟ್ಟ ಜಾಗ ಮುಂಭಾಗದ ಬ್ಯಾಟರಿ ತಟ್ಟೆ. ಎಂಜಿನ್ ಹಿಂದಿರುವುದರಿಂದ ಪೆಟ್ರೋಲ್ ಟ್ಯಾಂಕು, ಸ್ಟೆಪ್ನಿ, ಬ್ಯಾಟರಿ ಮೂರೂ ಮುಂದಿನ ಡಿಕ್ಕಿಯಲ್ಲಿ ಕೂರುತ್ತವೆ. ಬ್ಯಾಟರಿಯ ಆಸಿಡ್ ತೊಟ್ಟಿಕ್ಕಿದ ಕಡೆಯೆಲ್ಲ ಲೋಹ ಪುಡಿಪುಡಿಯಾಗಿತ್ತು. ಕೆಟ್ಟ ತಗಡಿನ ಮೇಲೆ ತೇಪೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ತುಕ್ಕಿಲ್ಲದ ಲೋಹ ಸಿಗುವವರೆಗೆ ಕತ್ತರಿಸಿ, ಅಂಚಿಗೆ ಅಂಚು ಕೂಡಿಸಿ ಹೊಸ ತಗಡನ್ನು ಬೆಸೆಯುವುದೇ ಸರಿ. ಹಾಗೆ ಮಾಡುವಾಗ ಎರಡೂ ಬದಿಯ ಪಟ್ಟಿಗಳನ್ನು ಒಮ್ಮೆಗೇ ಕತ್ತರಿಸಬಾರದು. ಒಂದು ಬದಿಯನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಕು, ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿಯೊಂದನ್ನು ಬೆಸೆದು ಬಿಗಿಮಾಡಿಕೊಳ್ಳಬೇಕು. ಇಲ್ಲವಾದರೆ ಬಾಡಿ ನಡುವಿನಲ್ಲಿ ಜಗ್ಗಿ, ಮುಂದೆ ಬಾಗಿಲು ಮುಚ್ಚಿಕೊಳ್ಳುವುದೇ ಇಲ್ಲ. ಬಟ್ಟೆಯ ಮೇಲ್ಛಾವಣಿಯ ಕಾರಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು, ಏಕೆಂದರೆ ಮೇಲಿನಿಂದ ಹಿಡಿದುಕೊಳ್ಳಲು ಪೂರ್ಣ ತಗಡಿನ ಚಾವಣಿ ಅಲ್ಲಿರುವುದಿಲ್ಲ. ವೆಲ್ಡಿಂಗನ್ನು ನುರಿತವರ ಕೈಯಲ್ಲಿ ಮಾಡಿಸಿದೆ. ಅಳತೆ, ಕತ್ತರಿಸುವಿಕೆ, ಉಜ್ಜುವಿಕೆ ನನ್ನದಾಗಿತ್ತು. ಪುಟ್ಟಿ, ಪ್ರೈಮರ್, ಬಣ್ಣದ ವಿಷಯ ಎಲ್ಲ ಕಾರುಗಳಿಗೂ ಒಂದೇ ಆದ್ದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಎಂಜಿನ್ ವಿಷಯಕ್ಕೆ ಬಂದಾಗ ಮಾತ್ರ ನನ್ನ ಉತ್ಸಾಹಕ್ಕೆ ಮಿತಿಯಿರಲಿಲ್ಲ. ಹಿಂಬದಿಯ ತಗಡನ್ನೂ ಎಂಜಿನನ್ನು ಹೊತ್ತ ಅಡ್ಡಪಟ್ಟಿಯನ್ನೂ ಕಳಚಿ, ವೈರು, ಪೆಟ್ರೋಲ್ ಪೈಪು, ಕೇಬಲ್ಲುಗಳನ್ನು ಬಿಡಿಸಿ, ಗೇರ್‌ಬಾಕ್ಸಿಗೆ ಸೇರಿಸಿದ ನಟ್ಟುಗಳನ್ನು ಸಡಿಲಿಸಿದರೆ ಇಡೀ ಎಂಜಿನ್ ಜ್ಯಾಕಿನ ಮೇಲೆ ಕುಳಿತು ಹಿಂದಕ್ಕೆ ಜಾರಿಬರುತ್ತದೆ. ಅದರಲ್ಲಿ ನೀರಿಲ್ಲ, ರೇಡಿಯೇಟರ್ ಇಲ್ಲ, ನೀರಿನ ಪಂಪು ಇಲ್ಲ. ಎಂಜಿನಿನ ಕೆಳಭಾಗದ ಪೆಟ್ಟಿಗೆಯಾದ ಅಲ್ಯುಮಿನಿಯಂ ಕ್ರ್ಯಾಂಕ್‌ಕೇಸಿನ ಮೇಲೆ ಎರಡು ಬಿಡಿ ಸಿಲಿಂಡರುಗಳು, ಅವುಗಳ ಸುತ್ತ ಬಿಸಿ ಬಿಟ್ಟುಕೊಡುವ ತೆಳು ರೆಕ್ಕೆಗಳು, ಅದರ ಮೇಲೆ ಅಲ್ಯುಮಿನಿಯಂ ಹೆಡ್, ಇಷ್ಟೇ. ಡೈನಮೋವನ್ನು ತಿರುಗಿಸುವ ಬೆಲ್ಟೇ ಡೈನಮೋದ ದಂಡಕ್ಕೆ ಕೂಡಿಸಿದ ಫ್ಯಾನನ್ನೂ ತಿರುಗಿಸುತ್ತದೆ. ಹಿಂದಿನ ಗಾಜಿನ ಕೆಳಗಿರುವ ಸೀಳುಗಳಿಂದ ಗಾಳಿ ಎಳೆದು ಆ ಫ್ಯಾನ್ ಸಿಲಿಂಡರುಗಳ ಮೇಲೆ ಹಾಯಿಸುತ್ತದೆ. ಹೀಗಾಗಿ ಬೆಲ್ಟ್ ಹರಿದರೆ ಚಾರ್ಜೂ ನಿಲ್ಲುತ್ತದೆ, ತಣಿಸುವಿಕೆಯೂ ನಿಲ್ಲುತ್ತದೆ. ಡೈನಮೋದ ಕೆಂಪು ದೀಪ ಹತ್ತಿದೊಡನೆ ಕಾರು ನಿಲ್ಲಿಸಬೇಕೆಂಬುದನ್ನು ಈ ಕಾರಿನವರೆಲ್ಲ ಮನಸ್ಸಿನಲ್ಲಿಟ್ಟುಕೊಳ್ಳುವುದು ಅದಕ್ಕಾಗಿಯೇ.

ಎಂಜಿನ್ ಸುತ್ತಲಿನ ತಗಡಿನ ಕವಚವನ್ನು ಬಿಚ್ಚಿದಾಗ ಸಿಲಿಂಡರುಗಳ ರೆಕ್ಕೆಗಳ ನಡುವೆ ಎಣ್ಣೆಯೂ ಧೂಳೂ ಸೇರಿ ಗಟ್ಟಿಯಾದ ಹೆಪ್ಪು ತುಂಬಿತ್ತು. ಗಾಳಿಯಿಂದ ತಣಿಯುವ ಎಂಜಿನಿಗೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಎಣ್ಣೆ ಎಲ್ಲಿಂದ ಬಂತೆಂದು ಹುಡುಕಿದರೆ ಕಾರಣ ಪುಶ್‌ರಾಡ್ ಕೊಳವೆಗಳು. ವಾಲ್ವುಗಳನ್ನು ತೆರೆಸುವ ಕ್ಯಾಮ್‌ಶಾಫ್ಟ್ ಕೆಳಗೆ, ವಾಲ್ವುಗಳು ಮೇಲೆ. ಅವೆರಡರ ನಡುವಿನ ಸಲಾಕೆಗಳು ಸಿಲಿಂಡರಿನ ಪಕ್ಕದಲ್ಲಿ ತೆಳು ಕೊಳವೆಗಳ ಮೂಲಕ ಹಾದುಹೋಗುತ್ತವೆ, ಆ ಕೊಳವೆಗಳ ತುದಿಯ ಸೀಲುಗಳು ಕಾಲಾಂತರದಲ್ಲಿ ಒಣಗಿ ಎಣ್ಣೆ ಜಿನುಗುತ್ತದೆ. ಕಾರಿನೊಳಗಿನ ಹೀಟರಿಗೂ ಇದಕ್ಕೂ ನೇರ ಸಂಬಂಧವಿದೆ. ಸಿಲಿಂಡರುಗಳನ್ನು ತಣಿಸಿ ಬಿಸಿಯಾದ ಅದೇ ಗಾಳಿಯನ್ನು ನಡುವಿನ ಸುರಂಗದ ಮೂಲಕ ಮುಂದಕ್ಕೆ ತಂದು ಕಾಲಬುಡಕ್ಕೂ ಮುಂಗಾಜಿಗೂ ಬಿಡುವುದೇ ಈ ಕಾರಿನ ಹೀಟರ್. ಹೆಚ್ಚಿಗೆ ಒಂದು ಯಂತ್ರವಿಲ್ಲ, ಹೆಚ್ಚಿಗೆ ಒಂದು ತೊಟ್ಟು ಪೆಟ್ರೋಲಿನ ಖರ್ಚಿಲ್ಲ. ಆದರೆ ಎಂಜಿನ್ ಎಣ್ಣೆ ಜಿನುಗಿಸಿದರೆ ಸುಟ್ಟ ಎಣ್ಣೆಯ ವಾಸನೆ ಸೀದಾ ಕಾರಿನೊಳಗೆ ಬರುತ್ತದೆ. ಕಾರಿನೊಳಗಿನ ಗಾಳಿ ಶುದ್ಧವಾಗಿರಬೇಕಾದರೆ ಎಂಜಿನಿನ ಹೊರಮೈ ಶುದ್ಧವಾಗಿರಬೇಕು. ಅದಕ್ಕಾಗಿ ಕೊಳವೆಗಳನ್ನೂ ಸೀಲುಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಹೊಸದಾಗಿಯೇ ಹಾಕಿದೆ, ಹೆಡ್ ಬಿಗಿಮಾಡುವಾಗ ಟಾರ್ಕ್ ಸ್ಪ್ಯಾನರ್ ಹಿಡಿದು, ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ, ಹಂತಹಂತವಾಗಿ ಬಿಗಿಮಾಡಿದೆ.

ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಎಣ್ಣೆ ಸೋಸುವ ಏರ್ಪಾಡು. ಇದರಲ್ಲಿ ಕಾಗದದ ಫಿಲ್ಟರ್ ಇಲ್ಲ. ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ತುದಿಯ ಪುಲ್ಲಿಯೇ ಒಳಗೆ ಟೊಳ್ಳಾಗಿದ್ದು, ಎಣ್ಣೆ ಅದರ ಮೂಲಕ ಹಾಯುತ್ತದೆ. ಪುಲ್ಲಿ ಸುತ್ತುವ ರಭಸಕ್ಕೆ ಎಣ್ಣೆಯಲ್ಲಿನ ಭಾರದ ಕಶ್ಮಲ ಗೋಡೆಯ ಕಡೆಗೆ ಚಿಮ್ಮಿ ಅಲ್ಲೇ ಅಂಟಿಕೊಳ್ಳುತ್ತದೆ. ಬದಲಾಯಿಸುವ ಭಾಗವೇ ಇಲ್ಲದ ಫಿಲ್ಟರ್ ಅದು, ಮುಚ್ಚಳ ತೆಗೆದು ಒರೆಸಿದರೆ ಸಾಕು. ನಾನು ಮುಚ್ಚಳ ತೆಗೆದಾಗ ಗೋಡೆಗೆ ದಪ್ಪನೆಯ ಕಪ್ಪು ಪದರ ಮೆತ್ತಿಕೊಂಡಿತ್ತು. ಅಷ್ಟೂ ಕಶ್ಮಲ ಬೇರಿಂಗುಗಳಿಗೆ ಹೋಗದೆ ಅಲ್ಲಿ ನಿಂತಿತ್ತೆಂಬ ಕಾರಣಕ್ಕೇ ಇರಬೇಕು, ಕ್ರ್ಯಾಂಕ್‌ಶಾಫ್ಟ್ ಅಳತೆಯಲ್ಲಿ ಸರಿಯಾಗಿಯೇ ಇತ್ತು. ಸಿಲಿಂಡರುಗಳು ಮಾತ್ರ ಸವೆದಿದ್ದವು. ಅವು ಬಿಡಿಬಿಡಿಯಾಗಿರುವುದರಿಂದ ಕ್ರ್ಯಾಂಕ್‌ಕೇಸನ್ನು ಮುಟ್ಟದೆ ಮೇಲಿನಿಂದಲೇ ಎತ್ತಿ, 67.4 ಮಿಲಿಮೀಟರ್ ವ್ಯಾಸದ ಹೊಸ ಸಿಲಿಂಡರುಗಳನ್ನೂ ಪಿಸ್ಟನ್ನುಗಳನ್ನೂ ರಿಂಗುಗಳನ್ನೂ ಕೂರಿಸುವುದು ಸಾಧ್ಯವಾಯಿತು.

ಈ ಎಂಜಿನಿನಲ್ಲಿ ಎರಡೂ ಪಿಸ್ಟನ್ನುಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಒಂದರ ನಂತರ ಒಂದು ಸಮಾನ ಅಂತರದಲ್ಲಿ ಸಿಡಿಯಲಿ ಎಂಬ ಕಾರಣಕ್ಕೆ ಮಾಡಿದ ಏರ್ಪಾಡು ಇದು, ಆದರೆ ಎರಡೂ ಒಂದೇ ದಿಕ್ಕಿನಲ್ಲಿ ಚಲಿಸುವುದರಿಂದ ಎಂಜಿನ್ ಕುಲುಕುತ್ತದೆ. ಆ ಕುಲುಕಾಟ ಬಾಡಿಗೆ ತಲುಪದಿರಲೆಂದು ಎಂಜಿನಿನ ಹಿಂಭಾಗವನ್ನು ಒಂದು ಸ್ಪ್ರಿಂಗಿನ ಮೇಲೆ ಕೂರಿಸಿದ್ದಾರೆ. ಮೇಲಿನ ಬಟ್ಟೆಯ ಚಾವಣಿಯನ್ನು ಮಡಿಚಿದರೆ ಎಂಜಿನಿನ ಗುಡುಗು ಕಾರಿನೊಳಗೆ ಪ್ರತಿಧ್ವನಿಸದೆ ಹೊರಗೆ ಹೋಗುತ್ತದೆ, ಎತ್ತರದವರಿಗೆ ತಲೆ ತಾಗುವುದಿಲ್ಲ, ತಗಡೂ ಕಡಿಮೆ ಸಾಕು. ಇಂಥ ಒಂದೊಂದು ಭಾಗವನ್ನು ತೊಳೆದು ಜೋಡಿಸುತ್ತ ಹೋದಂತೆ, ಈ ಕಾರುಗಳನ್ನು ವಿಚಿತ್ರವೆಂದು ಕರೆಯುವ ನಮ್ಮ ಅಭ್ಯಾಸ ಅಷ್ಟು ಸರಿಯಲ್ಲವೆನಿಸಿತು. 1956ರಲ್ಲಿ ಸೂಯೆಜ್ ಕಾಲುವೆ ಮುಚ್ಚಿ ಯುರೋಪಿನ ದೇಶಗಳಲ್ಲಿ ಪೆಟ್ರೋಲಿಗೆ ತತ್ವಾರವಾದಾಗ ಕಾರು ತಯಾರಕರ ಮುಂದಿದ್ದ ಲೆಕ್ಕ ಕಠಿಣವಾದದ್ದು. ಬ್ರಿಟನ್ನಿನ ಪುಟ್ಟ ಕಾರಾದ 1959ರ ಮಿನಿ ಹುಟ್ಟಿದ್ದೂ ಆ ಲೆಕ್ಕದಿಂದಲೇ. ಅಂದು ಇವನ್ನು ಕೊಂಡವರಲ್ಲಿ ಹೆಚ್ಚಿನವರು ಮುಂದೆ ಕೈಯಲ್ಲಿ ಹಣವಾದಾಗ ಇನ್ನೂ ದೊಡ್ಡ ಕಾರಿಗೆ ಹೋದರು, ಅದರಲ್ಲಿ ತಪ್ಪೇನೂ ಇಲ್ಲ. ಅವರ ಕೊರತೆಯ ದಿನಗಳು ಮರಳಲಿ ಎಂದು ನಾನು ಬಯಸುವುದಿಲ್ಲ. ನಾನು ಹಂಬಲಿಸುವುದು, ಒಂದು ಯಂತ್ರವನ್ನು ಬಿಚ್ಚಿದರೆ ಅದನ್ನು ಮಾಡಿದವರ ಆಲೋಚನೆ ಕಣ್ಣಿಗೆ ಕಾಣುತ್ತಿದ್ದ, ಅದನ್ನು ಬಳಸುವವರು ಮನೆಯಲ್ಲಿದ್ದ ನಾಲ್ಕು ಸ್ಪ್ಯಾನರುಗಳಿಂದ ಅರ್ಥಮಾಡಿಕೊಳ್ಳಬಹುದಾಗಿದ್ದ ಸ್ಥಿತಿಗಾಗಿ. ಒಂದು ಫ್ಯಾನ್ ಎಂಜಿನನ್ನು ತಣಿಸಿ ಮನುಷ್ಯರನ್ನು ಬೆಚ್ಚಗಿಡುವ ಜಾಣ್ಮೆ ನನ್ನನ್ನು ಇಂದಿಗೂ ಕಟ್ಟಿಹಾಕುತ್ತದೆ.

ಮುಂದಿನ ಚಕ್ರಗಳ ಕೆಲಸ ಬೇಗ ಮುಗಿಯಿತು. ಅಡ್ಡಕ್ಕೆ ಹಾಯ್ದ ಒಂದೇ ಪಟ್ಟಾ ಸ್ಪ್ರಿಂಗ್ ಎರಡೂ ಮುಂಚಕ್ರಗಳ ಭಾರ ಹೊರುವುದರ ಜೊತೆಗೆ ಕೆಳಗಿನ ತೋಳಿನ ಕೆಲಸವನ್ನೂ ಮಾಡುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಮುಂಚಕ್ರಗಳು ಹೊರಳುವ ಅಚ್ಚುಗಳಾದ ಕಿಂಗ್‌ಪಿನ್ನುಗಳು ಗ್ರೀಸು ಕಾಣದೆ ಸವೆದಿದ್ದವು, ಅವನ್ನೂ ಬುಷ್ಷುಗಳನ್ನೂ ಬದಲಾಯಿಸಿದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಗಳಿದ್ದು ಎಲ್ಲಕ್ಕೂ ಒಂದೇ ಎಣ್ಣೆಯ ಸಾಲು ಇರುವುದರಿಂದ, ಎಲ್ಲಿಯಾದರೂ ಒಂದು ಕಡೆ ಸೋರಿದರೆ ಪೆಡಲಿಗೆ ಬಲವೇ ಉಳಿಯುವುದಿಲ್ಲ. ಆದ್ದರಿಂದ ಬ್ರೇಕಿನ ಸಿಲಿಂಡರು, ಹೋಸು, ಪೈಪುಗಳಲ್ಲಿ ಹಳೆಯದನ್ನು ಒಂದನ್ನೂ ಉಳಿಸಿಕೊಳ್ಳಲಿಲ್ಲ.

ಕೆಲಸದ ನಡುವೆ ಹಲವರು ಒಂದು ಸಲಹೆ ಕೊಟ್ಟರು. ಇದರ ನಂತರ ಬಂದ ಫಿಯಟ್ 126ರ ಎಂಜಿನ್ ಮತ್ತು ಗೇರ್‌ಬಾಕ್ಸ್ ಇದೇ ಜಾಗದಲ್ಲಿ ಕೂರುತ್ತವೆ, ಶಕ್ತಿ ಹೆಚ್ಚು, ಮೇಲಿನ ಗೇರುಗಳಿಗೆ ಸಿಂಕ್ರೋಮೆಶ್ (ಗೇರು ಬದಲಿಸುವಾಗ ಭಾಗಗಳ ವೇಗವನ್ನು ತಾನೇ ಸಮಮಾಡುವ ಏರ್ಪಾಡು) ಇರುವುದರಿಂದ ಓಡಿಸುವುದು ಸುಲಭ, ಅದನ್ನೇ ಹಾಕಿಸಿ ಎಂಬುದು ಆ ಸಲಹೆ. ದಿನನಿತ್ಯ ಓಡಿಸಬೇಕಾದವರಿಗೆ ಅದು ಒಳ್ಳೆಯ ಮಾತೇ. ನಾನು ಒಪ್ಪಲಿಲ್ಲ. ಹಳೆಯ ಗೇರ್‌ಬಾಕ್ಸನ್ನು ತೆಗೆದುಬಿಟ್ಟರೆ ಈ ಕಾರನ್ನು ಆ ಕಾಲದವರು ಹೇಗೆ ಓಡಿಸುತ್ತಿದ್ದರೆಂಬುದನ್ನು ಕೈಕಾಲುಗಳ ಮೂಲಕ ತಿಳಿಯುವ ಅವಕಾಶ ಹೋಗಿಬಿಡುತ್ತಿತ್ತು, ನನಗೆ ಬೇಕಾಗಿದ್ದುದು ಅದೇ.

ಎಂಜಿನನ್ನು ಮತ್ತೆ ಕೂರಿಸಿ, ವಾಲ್ವುಗಳನ್ನು ತೆರೆಯುವ ಟ್ಯಾಪೆಟ್ಟುಗಳನ್ನು ಎಂಜಿನ್ ತಣ್ಣಗಿರುವಾಗ 0.15 ಮಿಲಿಮೀಟರ್ ಸಂದಿಗೆ ಹೊಂದಿಸಿ, ವೆಬರ್ ಕಾರ್ಬುರೇಟರಿನ ಜೆಟ್ಟುಗಳನ್ನು ತೊಳೆದು ಗಾಳಿ ಊದಿಸಿ, ಪ್ಲಗ್ಗಿನ ಕಿಡಿಯ ಸಮಯವನ್ನು ನಿಯಂತ್ರಿಸುವ ಪಾಯಿಂಟುಗಳನ್ನು ಸರಿಮಾಡಿದ ಮೇಲೆ ಚಾಲೂ ಮಾಡುವ ಗಳಿಗೆ ಬಂತು. ಈ ಕಾರಿನ ಕೀಲಿಯನ್ನು ತಿರುಗಿಸಿದರೆ ಎಂಜಿನ್ ಚಾಲೂ ಆಗುವುದಿಲ್ಲ, ಬರೀ ವಿದ್ಯುತ್ತಿನ ಹರಿವು ಶುರುವಾಗುತ್ತದೆ. ಗೇರ್ ಹಿಡಿಕೆಯ ಹಿಂದೆ, ಎರಡು ಸೀಟುಗಳ ನಡುವೆ, ಬೆರಳುದ್ದದ ಎರಡು ಸನ್ನೆಗಳಿವೆ. ಒಂದು ಚೋಕ್, ಇನ್ನೊಂದು ಸೆಲ್ಫ್. ಚೋಕನ್ನು ಎತ್ತಿ, ಸೆಲ್ಫನ್ನು ಎಳೆದಾಗ ಕೇಬಲ್ಲು ಹಿಂದಿನ ಸ್ಟಾರ್ಟರನ್ನು ಎಳೆದು ಫ್ಲೈವೀಲಿನ ಹಲ್ಲಿಗೆ ಕಚ್ಚಿಸುವುದು ಅಂಗೈಗೆ ತಿಳಿಯುತ್ತದೆ. ಮೊದಲು ಪ್ಲಗ್ಗುಗಳನ್ನು ತೆಗೆದಿಟ್ಟು ಎಣ್ಣೆಯ ಒತ್ತಡದ ದೀಪ ಆರುವವರೆಗೆ ಸುತ್ತಿಸಿದೆ, ಆಮೇಲೆ ಪ್ಲಗ್ಗು ಹಾಕಿ ಎಳೆದೆ. ಎಂಜಿನ್ ತೊದಲಿ, ಒಂದು ಸಿಲಿಂಡರಿನಲ್ಲಿ ಕೆಲ ಕ್ಷಣ ಓಡಿ, ಎರಡನೆಯದೂ ಸೇರಿಕೊಂಡಾಗ ಆದ ಸಂತೋಷವನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ಜೊತೆಗಿದ್ದ ಹಿರಿಯ ಮೆಕ್ಯಾನಿಕ್ಕರೂ ನಾನೂ ಮಾತಿಲ್ಲದೆ ಬಹಳ ಹೊತ್ತು ಆ ಸದ್ದನ್ನೇ ಕೇಳುತ್ತ ನಿಂತಿದ್ದೆವು.

ಓಡಿಸುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಯಿತು. ಸಿಂಕ್ರೋಮೆಶ್ ಇಲ್ಲದ ಗೇರ್‌ಬಾಕ್ಸಿನಲ್ಲಿ, ಒಂದಕ್ಕೊಂದು ಕೂಡಬೇಕಾದ ಭಾಗಗಳ ವೇಗವನ್ನು ಚಾಲಕರೇ ಸಮಮಾಡಬೇಕು. ಮೇಲಿನ ಗೇರಿಗೆ ಹೋಗುವಾಗ ಕ್ಲಚ್ ಒತ್ತಿ ನ್ಯೂಟ್ರಲಿಗೆ ತಂದು, ಕ್ಲಚ್ ಬಿಟ್ಟು, ಎಂಜಿನಿನ ವೇಗ ಇಳಿಯುವಷ್ಟು ತಡೆದು, ಮತ್ತೆ ಕ್ಲಚ್ ಒತ್ತಿ ಗೇರು ಹಾಕಬೇಕು. ಕೆಳಗಿನ ಗೇರಿಗೆ ಬರುವಾಗ ನ್ಯೂಟ್ರಲಿನಲ್ಲಿ ಕ್ಲಚ್ ಬಿಟ್ಟಿರುವಾಗಲೇ ಆಕ್ಸಿಲರೇಟರನ್ನು ಒಮ್ಮೆ ಒತ್ತಿ ಎಂಜಿನಿನ ವೇಗ ಏರಿಸಬೇಕು. ಎಷ್ಟು ಏರಿಸಬೇಕೆಂದು ಹೇಳುವ ಮೀಟರ್ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿರುವುದು ಸ್ಪೀಡೋಮೀಟರ್ ಒಂದೇ, ಪೆಟ್ರೋಲ್ ತೀರುತ್ತ ಬಂದರೂ ಮುಳ್ಳಿಲ್ಲ, ಒಂದು ದೀಪ ಹತ್ತುತ್ತದೆ. ಕಿವಿಯಿಂದಲೇ ಅಂದಾಜು ಕಟ್ಟಬೇಕು. ಲೆಕ್ಕ ತಪ್ಪಿದರೆ ಹಲ್ಲುಗಳು ಕರಕರ ಎನ್ನುತ್ತವೆ, ಸರಿಯಾದರೆ ಹಿಡಿಕೆ ಎರಡು ಬೆರಳಿನ ಬಲಕ್ಕೇ ಜಾರಿ ಒಳಗೆ ಕೂರುತ್ತದೆ. ಅಭ್ಯಾಸವಾದ ಮೇಲೆ, ಅರ್ಧ ಟನ್ನಿಗಿಂತ ತುಸುವೇ ಹೆಚ್ಚು ತೂಗುವ ಈ ಕಾರು 18 ಅಶ್ವಶಕ್ತಿಯಲ್ಲೇ ಹಗುರವಾಗಿ ಓಡುತ್ತದೆ. ಏರು ಕಂಡಾಗ ಮುಂಚಿತವಾಗಿ ಯೋಚಿಸಿ ಗೇರು ಇಳಿಸಬೇಕಷ್ಟೆ, ಏರಿನ ನಡುವೆ ಅವಸರಪಟ್ಟರೆ ಆಗದು.

ಹೊಸ ರಿಂಗುಗಳು ಹೊಂದಿಕೊಳ್ಳುವವರೆಗೆ ವೇಗವನ್ನು ಹತೋಟಿಯಲ್ಲಿಟ್ಟು ಓಡಿಸಿ, ಆಮೇಲೆ ತಣ್ಣಗಾದ ಎಂಜಿನಿನ ಹೆಡ್ ನಟ್ಟುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಟ್ಯಾಪೆಟ್ಟುಗಳನ್ನು ಮರುಹೊಂದಿಸಿ, ಮೊದಲ ಎಣ್ಣೆಯನ್ನು ಚೆಲ್ಲಿ ಪುಲ್ಲಿಯ ಮುಚ್ಚಳ ತೆಗೆದು ನೋಡಿದೆ. ಲೋಹದ ಸಣ್ಣ ಪುಡಿ ಗೋಡೆಗೆ ತೆಳ್ಳಗೆ ಅಂಟಿತ್ತು, ಹೊಸ ಭಾಗಗಳು ಪಳಗುವಾಗ ಅಷ್ಟು ಇರುವುದು ಸಹಜ. ಪುಶ್‌ರಾಡ್ ಕೊಳವೆಗಳಿಂದ ಎಣ್ಣೆ ಜಿನುಗುತ್ತಿಲ್ಲ, ಹೀಟರ್ ತೆರೆದರೆ ಬರುವುದು ಬರೀ ಬಿಸಿ ಗಾಳಿ. ನಿಧಾನ ಗತಿಯಿಂದ ಆಕ್ಸಿಲರೇಟರ್ ಒತ್ತುವಾಗ ಕಾರ್ಬುರೇಟರ್ ಒಂದು ಕ್ಷಣ ಹಿಂಜರಿಯುತ್ತದೆ. ಅದರ ಥ್ರಾಟಲ್ ದಂಡ ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿದೆಯೆಂದು ನನ್ನ ಅನುಮಾನ. ಅದಕ್ಕೆ ಬೇಕಾದ ಬುಷ್ಷುಗಳನ್ನು ತರಿಸಿಟ್ಟಿದ್ದೇನೆ, ಮುಂದಿನ ಕೆಲಸ ಅದೇ.